ಗಜಲಕ್ಷ್ಮಿಯ ಕಣ್ಣು ಬರೆದ ಕುಂಚ

ನಾನೊಂದು ಕುಂಚ. ಅಳಿಲಿನ ಬಾಲದ ಒಂದಿಷ್ಟು ಕೂದಲು, ಬಿದಿರಿನ ಕಡ್ಡಿ, ಬಿಗಿದು ಸುತ್ತಿದ ರೇಷ್ಮೆ ದಾರ, ಇಷ್ಟೇ ನನ್ನ ಮೈ. ನನ್ನನ್ನು ಕಟ್ಟಿದವರು ಮೈಸೂರಿನ ಚಿತ್ರಗಾರ ನಂಜುಂಡಾಚಾರ್ಯರು. ಸೀರೆ, ಒಡವೆ, ಬಂಗಾರದ ರೇಕಿನ ಕೆಲಸಕ್ಕೆಲ್ಲ ಅವರಿಗೆ ಬೇರೆ ಕುಂಚಗಳಿದ್ದವು. ನಾನು ದೇವರ ಕಣ್ಣು ಬರೆಯಲು ಮಾತ್ರ. ಪಟ ಪೂರಾ ಮುಗಿದ ಮೇಲೆ ಅವರು ಸ್ನಾನ ಮಾಡಿ ಬಂದು, ಉಸಿರು ಬಿಗಿಹಿಡಿದು ನನ್ನನ್ನು ಎತ್ತಿಕೊಳ್ಳುತ್ತಿದ್ದರು. ಆ ಗರ್ವ ನನಗೆ ಈಗಲೂ ಇದೆ.

ಕೊನೆಯ ಗಜಲಕ್ಷ್ಮಿಗೆ ಕಣ್ಣು ಬರೆಯುವ ಮೊದಲೇ ಆಚಾರ್ಯರು ತೀರಿಕೊಂಡರು. ಕಣ್ಣಿನ ಜಾಗ ಬಿಳಿಯಾಗಿಯೇ ಉಳಿಯಿತು, ಚಿತ್ರಶಾಲೆಗೆ ಬೀಗ ಬಿತ್ತು. ಮೊಮ್ಮಗಳು ಪ್ರಮೀಳಾ ನನ್ನನ್ನು ಮನೆಗೆ ಒಯ್ದು, ವರ್ಷಗಟ್ಟಲೆ ಹಳೆಯ ಕಾಗದಗಳ ಮೇಲೆ ಕಣ್ಣು ಬರೆದಳು. ಮೊದಮೊದಲು ಅವು ಬರಿಯ ಗೆರೆಗಳಾಗಿದ್ದವು, ಬರಬರುತ್ತ ನೋಡತೊಡಗಿದವು. ತಾತನ ಲಕ್ಷ್ಮಿಗೆ ತಾನೇ ಕಣ್ಣು ಬರೆಯಬೇಕೆಂಬುದೊಂದೇ ಅವಳ ಆಸೆ.

ಅಷ್ಟರಲ್ಲಿ ಅವಳ ಅಣ್ಣ ಲೋಕೇಶ ಚಿತ್ರಶಾಲೆಯನ್ನು ಮತ್ತೆ ತೆರೆಯಲು ಹೊರಟ. ಮನೆತನದ ಕಲೆ ಉಳಿಸುತ್ತೇನೆಂದು ಊರಿಗೆಲ್ಲ ಡಂಗುರ ಸಾರಿದ. ಒಂದು ದಿನವೂ ಬಣ್ಣ ಅರೆದವನಲ್ಲ ಈ ಪುಣ್ಯಾತ್ಮ! ಉದ್ಘಾಟನೆಗೆ ದೀಪ ಹಚ್ಚುವುದು ಹಳೆಯದಾಯಿತಂತೆ. ಅತಿಥಿಯ ಕೈಯಲ್ಲಿ ಲಕ್ಷ್ಮಿಯ ಕಣ್ಣು ಬರೆಸಿದರೆ ಪೇಪರಿನಲ್ಲಿ ಫೋಟೊ ಬರುತ್ತದಂತೆ. ಅತಿಥಿಯೋ, ಸೈಟು ಮಾರುವ ಸಾಹುಕಾರ. ಪ್ರಮೀಳಾ ಬೇಡವೆಂದು ಗೋಗರೆದಳು. ಕೊನೆಗೆ ಲೋಕೇಶ ನನ್ನನ್ನೂ ಅವಳಿಂದ ಇಸಿದುಕೊಂಡ; ಬಣ್ಣದ ಬಟ್ಟಲು ಹಿಡಿದು ನಿಲ್ಲುವ ಕೆಲಸ ಅವಳ ಪಾಲಿಗೆ ಬಂತು.

ಬೋಂಡಾ ತಿಂದ ಕೈಯಲ್ಲೇ ಸಾಹುಕಾರ ನನ್ನನ್ನು ಹಿಡಿದ. ಥೂ, ಆ ಜಿಡ್ಡು! ಪೊರಕೆ ಅದ್ದುವಂತೆ ನನ್ನನ್ನು ಬಟ್ಟಲಿಗೆ ಅದ್ದಿ, ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತ ಎರಡು ಚುಕ್ಕೆ ಒತ್ತಿದ. ಒಂದು ಮೂಗಿನ ಕಡೆ ಸರಿಯಿತು, ಇನ್ನೊಂದು ಕಿವಿಯ ಕಡೆ. ಜನ ಚಪ್ಪಾಳೆ ತಟ್ಟಿದರು.

"ಅಣ್ಣಾ, ಇನ್ನೂ ಹಸಿ ಇದೆ. ಒರೆಸಿಬಿಡ್ತೀನಿ," ಎಂದಳು ಪ್ರಮೀಳಾ ಮೆಲ್ಲಗೆ.

"ಸುಮ್ನಿರೇ, ಅವ್ರು ಇಲ್ಲೇ ಇದಾರೆ," ಎಂದ ಲೋಕೇಶ.

ಅವಳು ಬಟ್ಟಲನ್ನು ಅಲ್ಲೇ ಇಟ್ಟು ಮನೆಗೆ ನಡೆದಳು. ಸಾಹುಕಾರ ಊಟ ಮುಗಿಸಿ ಹೊರಡುವಷ್ಟರಲ್ಲಿ ಬಣ್ಣ ಒಣಗಿತ್ತು. ನನ್ನನ್ನು ಯಾರೂ ತೊಳೆಯಲಿಲ್ಲ.

ಈಗ ನಾನು ಗಾಜಿನ ಪೆಟ್ಟಿಗೆಯೊಳಗೆ ಕೂದಲು ಸೆಟೆದುಕೊಂಡು ಬಿದ್ದಿದ್ದೇನೆ. ಎದುರಿಗೆ ಮೆಳ್ಳೆಗಣ್ಣಿನ ಲಕ್ಷ್ಮಿ. ಅವಳ ಕೆಳಗೆ ಸಾಹುಕಾರನ ಹೆಸರು, ಆಚಾರ್ಯರ ಹೆಸರಿಗಿಂತ ದಪ್ಪಕ್ಷರದಲ್ಲಿ. ಟಿಕೆಟ್ ಕೊಂಡು ಬಂದವರು ಆ ಪಟಕ್ಕೇ ಕೈಮುಗಿಯುತ್ತಾರೆ. ನೋಡಿ ನೋಡಿ ಹೇಸಿಗೆಯಾಗುತ್ತದೆ; ಹೊರಳಿ ಮಲಗೋಣವೆಂದರೆ ಬೆನ್ನಿಗೆ ಅಂಟು ಹಾಕಿದ್ದಾರೆ.

ಪ್ರಮೀಳಾ ಇತ್ತ ತಲೆ ಹಾಕುವುದಿಲ್ಲ. ಮನೆಯಲ್ಲಿ ಇನ್ನೊಂದು ಗಜಲಕ್ಷ್ಮಿಯನ್ನು ಮೊದಲಿನಿಂದ ಬರೆಯುತ್ತಿದ್ದಾಳೆಂದು ಇಲ್ಲಿ ಕಸ ಗುಡಿಸುವಾಕೆ ಹೇಳುತ್ತಿದ್ದಳು. ಕಣ್ಣಿಗೆಂದೇ ಹೊಸ ಕುಂಚ ಕಟ್ಟಿಕೊಂಡಿದ್ದಾಳಂತೆ. ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಆಚಾರ್ಯರ ಮನೆತನದ ಕಲೆ ನೋಡಬೇಕೆನ್ನುವವರು ಅವಳ ಮನೆಗೇ ಹೋಗಲಿ. ಇಲ್ಲಿ ನೋಡುವಂಥದ್ದು ಏನೂ ಇಲ್ಲ.