ಬಾಯಾಗಿನ ಸೀಟಿ

ಖಾಜಾಮಿಯಾನ ಕಾಲರು ಮಶಾಕನ ಕೈಗೆ ಬಂತು, ಖಾಜಾಮಿಯಾ ಬರಲಿಲ್ಲ. ಹರಿದ ಅಂಗಿಯಲ್ಲೇ ಅವನು ತಂಗಿಯ ಹೆಣವಿದ್ದ ಜನಾಜಾದ ಮುಂದಿನ ಹಿಡಿ ಬಿಡದೆ ನಿಂತಿದ್ದ.

“ಬಿಡಲೇ,” ಎಂದ ಮಶಾಕ. “ಅಕಿನ್ನ ಮುಟ್ಟಬ್ಯಾಡ.”

“ನನ್ನ ತಂಗಿ ಅದಾಳ. ಗೋರ್ಯಾಗ ನಾನೇ ಇಳಸ್ತೀನಿ. ಮ್ಯಾಲ ಮುಚ್ಚೋ ಫರ್ಸಿಕಲ್ಲು ಸೈತ ಮುಂಜಾನಿ ನಾನೇ ಕಡದೀನಿ.”

“ಅಕಿ ಹಲ್ಲೂ ನೀನೇ ಕಡದಿದ್ದಿ.”

ಖಾಜಾಮಿಯಾ ಕೈ ಎತ್ತಿದ. ಕಲ್ಲಿನ ಗಣಿಯಲ್ಲಿ ಬೆಳೆದ ಕೈ ಅದು. ಕಿವಿಯ ಮೇಲೆ ಬಿದ್ದಾಗ ಶಹಾಬಾದಿನ ಆ ಓಣಿ ಪೂರ್ತಿ ಗುಂಯ್ ಎಂದಿತು. ಮಶಾಕ ಆ ತಂಗಿಯ ಹಾಡಿಗೆ ಢೋಲಕ ಬಾರಿಸುವವನು; ಬಾರಿಸಿಕೊಂಡು ರೂಢಿಯಿರಲಿಲ್ಲ. ಆದರೂ ಎದ್ದು, ಟಗರಿನಂತೆ ತಲೆಯಿಂದ ಅವನ ಎದೆಗೆ ಗುದ್ದಿದ. ಇಬ್ಬರೂ ಉರುಳಿ ಚರಂಡಿಗೆ ಬಿದ್ದರು.

ಹೊಸ್ತಿಲಲ್ಲಿ ಸತ್ತವಳ ತಾಯಿ ಇಮಾಮ್ಬೀ ಬಡಿಗೆ ಹಿಡಿದು ನಿಂತಿದ್ದಳು. “ಇಂವನ್ನ ಹಡದಾಕಿನೂ ನಾನೇ, ನೀಸಾನ್ನ ಹಡದಾಕಿನೂ ನಾನೇ. ಈ ಬಡಿಗಿ ಯಾರ ಮ್ಯಾಲ ಎತ್ಲಿ, ಹೇಳ್ರಿ.”

ಮಸೀದಿಯ ಹಿರಿಯರಾದ ಅಬ್ದುಲ್ ಕರೀಮ್ ನಡುವೆ ಬಂದರು. “ಮಶಾಕ, ಕೇಳು ಬೇಟಾ. ಹೆಣ್ಣುಮಗಳನ್ನ ಗೋರ್ಯಾಗ ಇಳಸೋದು ರಕ್ತಸಂಬಂಧದವರ ಹಕ್ಕು. ಅಕಿಗಿ ಅಪ್ಪ ಇಲ್ಲ, ಗಂಡ ಇಲ್ಲ. ಇರಾಂವ ಇಂವ ಒಬ್ಬನೇ. ನೀ ಅಕಿಗಿ ಏನಾಗಬೇಕು?”

“ಢೋಲಕ್,” ಎಂದ ಮಶಾಕ.

ಹಿಂದಿನಿಂದ ಯಾರೋ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅವಳು ಹಾಡುತ್ತಿದ್ದ ಆರ್ಕೆಸ್ಟ್ರಾದ ಯಜಮಾನ, ಹಾರ್ಮೋನಿಯಂ ಗುರುಲಿಂಗಯ್ಯ, ಮಶಾಕನನ್ನು ಚರಂಡಿಯಿಂದ ಎಬ್ಬಿಸಿದರು. “ನಡಿ ತಮ್ಮಾ. ನಾವು ಹೆಗಲರ ಕೊಡಮ.”

*

ನಜಮುನ್ನೀಸಾ ನಾಲ್ಕು ಭಾಷೆಯಲ್ಲಿ ಹಾಡುತ್ತಿದ್ದಳು, ರೈಲ್ವೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು. ಚಿತ್ತಾಪುರದಲ್ಲಿ ಕನ್ನಡ, ಶಹಾಬಾದಿನಲ್ಲಿ ಉರ್ದು, ಸೇಡಂ ದಾಟಿದರೆ ತೆಲುಗು, ವಾಡಿಯ ಕಾಲೊನಿಯಲ್ಲಿ ಮರಾಠಿ. ಹೈದರಾಬಾದಿಗೆ ಹೋಗಿ ಹಾಡಿ ಬಂದ ಒಂದೇ ಒಂದು ರೆಕಾರ್ಡು ಈ ಕಡೆಯ ಚಹಾದಂಗಡಿಗಳಲ್ಲೆಲ್ಲ ಸವೆಯುವ ತನಕ ತಿರುಗಿತ್ತು:

ಬಾ ಅಂದ್ರ ಬರಲಿಲ್ಲ, ಆಜಾ ಅಂದ್ರ ಬರಲಿಲ್ಲ,
ರಾರಾ ಅಂದ್ರ ಬರಲಿಲ್ಲ, ಯೇ ರೇ ಅಂದ್ರ ಬರಲಿಲ್ಲ,
ರೈಲಿನ ಸೀಟಿ ಕೇಳಿತು ನೋಡು, ಓಡೋಡಿ ಬಂದ!

ಆ ಸೀಟಿಯನ್ನು ಮಶಾಕ ಎರಡು ಬೆರಳು ಬಾಯಿಗಿಟ್ಟು ಹೊಡೆಯುತ್ತಿದ್ದ.

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ, ವಾಡಿಯಲ್ಲಿ, ಸೀಟಿ ಬಿದ್ದ ಕೂಡಲೇ ಒಬ್ಬ ನಿಜಕ್ಕೂ ಓಡೋಡಿ ಬಂದ. ಖಾಜಾಮಿಯಾ. ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆಯ ಕಟ್ಟಿಗೆ ಕಾವು. “ಮನಿತನದ ಮಾನ ಕಳದಿ, ನೀಸಾ!” ಎಂದವನೇ ಅವಳ ಬಾಯಿಗೆ ಬೀಸಿದ. ಮೈಕು ಆ ಸದ್ದನ್ನೂ ದೊಡ್ಡದು ಮಾಡಿಯೇ ಕೇಳಿಸಿತು.

ಆಸ್ಪತ್ರೆಯಲ್ಲಿ, ಹೊಲಿಗೆ ಹಾಕಿದ ತುಟಿಯಲ್ಲೇ ಅವಳು ಮಶಾಕನ ಮುಂಗೈ ಹಿಡಿದಳು. “ಅಂವ ನನ್ನ ಮುಟ್ಟಬಾರ್ದು. ಸತ್ತ ಮ್ಯಾಲೂ ಮುಟ್ಟಬಾರ್ದು. ಆಣಿ ಮಾಡು.”

ಮಶಾಕ ಆಣೆ ಮಾಡಿದ.

ಗಾಯ ಮಾಯ್ದು ತಾಲೀಮಿಗೆ ಬಂದಳು. ಮುಂದಿನ ಹಲ್ಲು ಹೋದ ಸಂದಿಯಿಂದ ‘ಸ’ ಬಂದಾಗಲೆಲ್ಲ ಸುಂಯ್ ಎಂದು ಗಾಳಿ ನುಸುಳುತ್ತಿತ್ತು. ಗುರುಲಿಂಗಯ್ಯ ಹಾರ್ಮೋನಿಯಂ ಮುಚ್ಚಿ ಅತ್ತೇಬಿಟ್ಟರು.

“ಯಾಕ ಅಳಲಿಕತ್ತೀರಿ ಅಯ್ಯಾರ?” ಎಂದಳು ಅವಳು. “ನಮ್ಮಣ್ಣ ನನ್ನ ಬಾಯಾಗ ಪುಕ್ಕಟ ಸೀಟಿ ಕೂಡಿಸ್ಯಾನ. ಮಶಾಕಾ, ಇನ್ನ ನಿನ್ನ ಬೆರಳಿಗಿ ಸೂಟಿ!”

ಅಂದಿನಿಂದ ಹಾಡಿನ ರೈಲು ಅವಳ ಬಾಯಿಂದಲೇ ಹೊರಡತೊಡಗಿತು. “ಮಿಸ್ ನಜಮುನ್ನೀಸಾ” ಎಂದು ತನ್ನ ಹೆಸರು ತಾನೇ ಹೇಳಿಕೊಂಡರೆ ಎರಡು ಸೀಟಿ. ಮಂದಿ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದರು. ಖಾಜಾಮಿಯಾ ಮಾತ್ರ ಮತ್ತೆಂದೂ ಅವಳ ದನಿ ಕೇಳಲು ಬರಲಿಲ್ಲ.

ಕುರ್ಚಿ ಹತ್ತಿದ ಮಂದಿಯೇ ಮೊನ್ನೆ ಚಿಂಚೋಳಿಯ ಮದುವೆಯೊಂದರಲ್ಲಿ ಕುರ್ಚಿ ಎತ್ತಿದರು. ಗಂಡಿನ ಕಡೆಗೆ ತೆಲುಗು ಹಾಡು ಬೇಕು, ಹೆಣ್ಣಿನ ಕಡೆಗೆ ಕನ್ನಡ. ತಲೆಗಳು ಒಡೆದವು, ಹಂದರದ ಕಂಬ ಮುರಿಯಿತು. ಜಗಳ ಬಿಡಿಸಲೆಂದು ಅವಳು ಎಲ್ಲ ಭಾಷೆಯಲ್ಲೂ ‘ಬಾ’ ಎಂದು ಕರೆಯುವ ಆ ಹಾಡನ್ನೇ ಎತ್ತಿಕೊಂಡಳು. ಬಂದದ್ದು ಸೋಡಾ ಬಾಟಲಿ. ಕಪಾಳದ ಮೇಲೆ, ಕಿವಿಯ ಹತ್ತಿರ. ಬಿದ್ದವಳು ಮತ್ತೆ ಏಳಲಿಲ್ಲ. ಯಾವ ಭಾಷೆಯವನು ಎಸೆದನೆಂದು ಒಡೆದ ಗಾಜು ಹೇಳಲಿಲ್ಲ.

*

ಖಬರಸ್ಥಾನದ ದಾರಿಯಲ್ಲಿ ಅಬ್ದುಲ್ ಕರೀಮ್ ಗುರುಲಿಂಗಯ್ಯನವರ ಪಕ್ಕ ನಡೆಯುತ್ತಿದ್ದರು. “ಅಕಿ ನಕಲು ಮಾಡಿ ಥೇಟ್ ನನ್ನ ದನಿ ತಗದು ಮಾತಾಡಿದ್ರ, ಅಯ್ಯಾರ, ಒಳಗ ನನ್ನ ಹೆಂಡತಿ ನಾನೇ ಬಂದೀನಂತ ತಲಿಮ್ಯಾಲ ಸೆರಗು ಹಾಕೋತಿದ್ಲು.”

“ನನ್ನ ದನಿ ತಗದು ನನಗೇ ಬೈತಿದ್ಲ್ರಿ,” ಎಂದರು ಗುರುಲಿಂಗಯ್ಯ. ಇಬ್ಬರೂ ನಗಲು ಹೋಗಿ, ನಗಲಾಗದೆ, ಹೆಗಲು ಬದಲಿಸಿದರು.

ಗೋರಿಯ ಬಳಿ ಜನಾಜಾ ಇಳಿಸಿದ್ದೇ ತಡ, ಖಾಜಾಮಿಯಾ ಗುಂಡಿಯೊಳಗೆ ಇಳಿದ. ಮಶಾಕ ಮಣ್ಣಿನ ಗುಡ್ಡೆಯಿಂದ ಸಲಿಕೆ ಕಿತ್ತುಕೊಂಡ.

“ಹೊರಗ ಬಾ.”

“ಬರಂಗಿಲ್ಲ. ಅಕಿನ್ನ ಕೊಡು.”

ಮಶಾಕ ಸಲಿಕೆಯ ಕಾವನ್ನು ಅವನ ಬಾಯಿಗೇ ಬೀಸಿದ. ಖಾಜಾಮಿಯಾ ಬಗ್ಗಬಹುದಿತ್ತು, ಕೈ ಅಡ್ಡ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಫಟ್ ಎಂದಿತು. ಮೈಕಿಲ್ಲದಿದ್ದರೂ ಅದೇ ಸದ್ದು. ಅಗೆದ ಬಿಳಿ ಮಣ್ಣಿನ ಮೇಲೆ ರಕ್ತ ಚಿಮ್ಮಿತು. ಎರಡನೆಯ ಏಟಿಗೆ ಎತ್ತಿದ ಸಲಿಕೆಗೆ ಗುರುಲಿಂಗಯ್ಯ ಜೋತುಬಿದ್ದರು. “ಸಾಕು ತಮ್ಮಾ, ಇನ್ನೊಂದು ಹೆಣ ಬ್ಯಾಡ!” ಅಬ್ದುಲ್ ಕರೀಮ್ ಕಣ್ಣು ಮುಚ್ಚಿಕೊಂಡರು.

ಖಾಜಾಮಿಯಾ ಅಂಗೈಗೆ ಉಗುಳಿ ನೋಡಿದ. ಮುಂದಿನ ಹಲ್ಲುಗಳು. ಅವನ್ನು ಹರಿದ ಅಂಗಿಯ ಜೇಬಿಗೆ ಹಾಕಿಕೊಂಡ. ರಕ್ತದ ಕೈಗಳನ್ನು ಎದೆಗೆ ಒರೆಸಿದ, ಮತ್ತೆ ಒರೆಸಿದ, ಕೆಂಪು ಹೋಗುವ ತನಕ ಒರೆಸಿದ. ಆಮೇಲೆ ಎರಡೂ ಕೈ ಮೇಲೆತ್ತಿದ.

“ಬಾ,” ಎಂದ. “ಬಾ, ನೀಸಾ.”

ಸುಂಯ್ ಎಂದಿತು.

ಅವನು ಬೆಚ್ಚಿ ತನ್ನ ಬಾಯಿ ತಾನೇ ಮುಟ್ಟಿಕೊಂಡ. ಸಲಿಕೆಯ ಮೇಲಿದ್ದ ಗುರುಲಿಂಗಯ್ಯನವರ ಕೈ ಕಳಚಿತು. ಮಶಾಕನ ಕೈಯೂ ಕಳಚಿತು. ಸಲಿಕೆ ಮಣ್ಣಿಗೆ ಬಿತ್ತು.

ಮರೆಗೆಂದು ನಾಲ್ವರು ಗೋರಿಯ ಮೇಲೆ ಚಾದರ ಹಿಡಿದರು. ಮಶಾಕ ತಲೆಯ ಕಡೆಗೆ ಬಂದು, ಬಗ್ಗಿ, ಅವಳ ಭಾರವನ್ನು ಕೆಳಗಿನ ಆ ಎರಡು ಕೈಗಳಿಗೆ ಮೆಲ್ಲನೆ ಬಿಟ್ಟುಕೊಟ್ಟ.

ಚಾದರದ ಕೆಳಗಿನಿಂದ ಮತ್ತೊಮ್ಮೆ ಆ ಸೀಟಿ ಬಂತು. ಮಶಾಕನ ಮಣ್ಣು ಮೆತ್ತಿದ ಎರಡು ಬೆರಳು ತಮ್ಮಷ್ಟಕ್ಕೆ ತಾವೇ ಬಾಯಿಯ ತನಕ ಹೋಗಿ ಅಲ್ಲೇ ನಿಂತವು.