ಇನ್ನೂರ ಹನ್ನೆರಡು ದಿನಗಳ ಕರಡು

"ಕನಸು ಕಾಣೋದಕ್ಕೆ 'ಕೋನ್'," ಎಂದು ಮೇಷ್ಟ್ರು ಬರೆದು ಸೀಮೆಸುಣ್ಣದಿಂದ ಹಲಗೆಯನ್ನು ಕುಟ್ಟಿದರು. "ಅಂದ್ರೆ 'ಜೊತೆ'. ಸ್ಪ್ಯಾನಿಷ್‌ನೋರು ನಮ್ಮ ಹಾಗೆ ಯಾರದ್ದೋ ಕನಸು ಕಾಣಲ್ಲ, ಅವರ ಜೊತೆ ಕನಸು ಕಾಣ್ತಾರೆ. ನೆನಪು ಮಾಡ್ಕೊಳ್ಳೋದಕ್ಕೆ 'ದೆ'. ಯೋಚನೆ ಮಾಡೋದಕ್ಕೆ 'ಎನ್'. ಶುರು ಮಾಡೋದಕ್ಕೆ 'ಆ'. ಬರ್ಕೊಳ್ಳಿ."

"ಯಾಕೆ?" ಎಂದಳು ಕರಡಮ್ಮ.

ಪಕ್ಕದಲ್ಲಿದ್ದ ನರ್ಸ್ ಹುಡುಗಿ ನಿಟ್ಟುಸಿರುಬಿಟ್ಟು ಪೆನ್ನು ಕೆಳಗಿಟ್ಟಳು. ಈ 'ಯಾಕೆ' ಶುರುವಾದರೆ ಅರ್ಧ ತರಗತಿ ಮುಗಿದ ಹಾಗೆಯೇ ಎಂಬುದು ಅವಳಿಗೆ ಗೊತ್ತಾಗಿತ್ತು.

"ಮೇಡಂ, ನಾವು ನಾಯಿಗೆ ಹೆದರ್ತೀವೋ, ನಾಯಿನ ಹೆದರ್ತೀವೋ?" ಎಂದರು ಮೇಷ್ಟ್ರು.

"ನಾಯಿಗೆ."

"ಯಾಕೆ 'ಗೆ'?"

"ಅದು ಹಾಗೇ."

"ಇದೂ ಹಾಗೇ. ಒಂದೊಂದು ಕ್ರಿಯಾಪದ ಒಂದೊಂದನ್ನ ಕಟ್ಕೊಂಡಿದೆ. ಯಾಕೆ ಕಟ್ಕೊಂಡೆ ಅಂತ ಸಂಸಾರಸ್ಥರನ್ನ ಕೇಳಬಾರದು."

ತರಗತಿ ನಡೆಯುತ್ತಿದ್ದುದು ಸೈಕಲ್ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ. ಕೆಳಗೆ ಯಾರಾದರೂ ಬೆಲ್ಲು ಪರೀಕ್ಷಿಸಿದಾಗಲೆಲ್ಲ ಮೇಷ್ಟ್ರು ಪಾಠ ನಿಲ್ಲಿಸಿ ಕಾಯುತ್ತಿದ್ದರು. ಇಪ್ಪತ್ತು ವರ್ಷ ಹಡಗಿನ ಉಗ್ರಾಣದಲ್ಲಿ ಲೆಕ್ಕಿಗರಾಗಿದ್ದವರು, ಬಂದರು ಬಂದರುಗಳಲ್ಲಿ ಸ್ಪ್ಯಾನಿಷ್ ಕಲಿತವರು. ಕಲಿತದ್ದರಲ್ಲಿ ಅರ್ಧ ತರಗತಿಯಲ್ಲಿ ಹೇಳುವಂಥದ್ದಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಕರಡಮ್ಮ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿದವಳು. ಆ ಹೆಸರು ಅಲ್ಲಿಯದೇ. ಎದುರಿಗೆ ಕರಡಮ್ಮ, ಬೆನ್ನ ಹಿಂದೆ ಕರಡಿಯಮ್ಮ. ಎರಡೂ ಅವಳಿಗೆ ಗೊತ್ತಿತ್ತು, ಎರಡರಲ್ಲೂ ಕಾಗುಣಿತ ಸರಿಯಾಗಿದ್ದುದರಿಂದ ಸುಮ್ಮನಿದ್ದಳು.

ಉಳಿದವರು ಇಳಿದು ಹೋದ ಮೇಲೆ ಅವಳು ಚೀಲದಿಂದ ಕಂದು ರಟ್ಟಿನ ನೋಟ್‌ಬುಕ್ಕೊಂದನ್ನು ತೆಗೆದು ಮೇಷ್ಟ್ರ ಮುಂದಿಟ್ಟಳು. "ಇಲ್ಲಿ ನೋಡಿ. ನೆನಪು ಮಾಡ್ಕೊಂಡಳು ಅನ್ನೋ ಕಡೆ 'ದೆ' ಬಿಟ್ಟೇಹೋಗಿದೆ. ನಡೆಯೋಕೆ ಶುರು ಮಾಡಿದಳು ಅನ್ನೋ ಕಡೆ 'ಆ' ಇಲ್ಲ. ಇನ್ನೊಂದು ಕಡೆ ಬೇಡದ 'ದೆ' ಬಂದು ಕೂತಿದೆ. ನಾನು ತಿದ್ದಿರೋದು ಸರಿಯಾ?"

ಮೇಷ್ಟ್ರು ಕನ್ನಡಕ ಏರಿಸಿದರು. ಪುಟದ ತುಂಬ ನೀಲಿ ಬಾಲ್‌ಪೆನ್ನಿನ ದಪ್ಪ, ಓರೆ ಅಕ್ಷರಗಳು. ಅವುಗಳ ಮೇಲೆ, ನಡುವೆ, ಅಂಚಿನಲ್ಲಿ ಕೆಂಪು: ಸೇರಿಸುವ ಗುರುತು, ಹೊಡೆದುಹಾಕುವ ಗುರುತು, ಬಿಡಿಸಿ ಬರೆಯುವ ಗುರುತು.

"ಯಾರು ಬರೆದದ್ದು?"

"ನನ್ನ ತಂಗಿಯ ಅತ್ತೆ."

"ಕೆಂಪು?"

"ನನ್ನದು."

ಮೇಷ್ಟ್ರು ಕೆಂಪನ್ನು ಬಿಟ್ಟು ನೀಲಿಯನ್ನಷ್ಟೇ ಓದುತ್ತಾ ಹೋದರು. ತುಟಿ ಅಲ್ಲಾಡುತ್ತಿತ್ತು. ಒಂದು ಪುಟ, ಎರಡು ಪುಟ. ಅವಳು ಉತ್ತರಕ್ಕಾಗಿ ಕಾದಳು.

"ಸರಿಯಾಗಿದೆ," ಎಂದರು ಕೊನೆಗೆ. "ವ್ಯಾಕರಣದ ಪ್ರಕಾರ ನೀವು ಹಾಕಿರೋದೆಲ್ಲ ಸರಿಯಾಗಿದೆ. ಮಾತಾಡೋವಾಗ ಅವರೂ ಇದನ್ನೆಲ್ಲ ನುಂಗ್ತಾರೆ. ಈ ತಾಯಿ ಮಾತಾಡಿದ ಹಾಗೇ ಬರೆದಿದ್ದಾರೆ, ಅಷ್ಟೆ." ಅವರು ನೋಟ್‌ಬುಕ್ ಮುಚ್ಚಿ ಅವಳ ಕಡೆ ಸರಿಸಿದರು. "ಅಲ್ಲ ಮೇಡಂ, ಆ ಹೆಂಗಸು ನಿಮ್ಮ ತಂಗಿಯ ಬೆನ್ನು ಒರೆಸಿದೆ, ಹುಣ್ಣಿಗೆ ಮುಲಾಮು ಹಚ್ಚಿದೆ ಅಂತ ಬರೆದಿದ್ದಾರೆ. ನೀವು ಅಲ್ಲಿ ಅಲ್ಪವಿರಾಮ ಹಾಕಿದ್ದೀರಿ."

ಅವಳ ಮುಖ ಚುರ್ರೆಂದಿತು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ತಂಗಿ ಸ್ಪ್ಯಾನಿಷ್ ಮಾತಾಡುವ ಹಡಗಿನ ಬಡಗಿಯೊಬ್ಬನನ್ನು ಮದುವೆಯಾಗಿ ಅವನ ಊರಿಗೆ ಹೋದದ್ದು ಹದಿನೆಂಟು ವರ್ಷದ ಹಿಂದೆ. ಕಾಯಿಲೆ ಬಿದ್ದದ್ದು ಏಳು ವರ್ಷದ ಹಿಂದೆ. ಆಗ ಕರಡಮ್ಮನ ಮೇಜಿನ ಮೇಲೆ ಆರು ಸಂಪುಟಗಳ ವಿಶ್ವಕೋಶದ ಮೂರನೆಯ ಸಂಪುಟವಿತ್ತು. "ಇದೊಂದು ಅಚ್ಚಿಗೆ ಹೋಗಲಿ ಕಣೇ, ಬಂದುಬಿಡ್ತೀನಿ," ಎಂದಿದ್ದಳು ಫೋನಿನಲ್ಲಿ. ಅಚ್ಚಿಗೆ ಹೋಗುವ ಮುಂಚೆ ಇನ್ನೊಮ್ಮೆ ನೋಡಬೇಕೆನಿಸಿತು. ನೋಡಿದರೆ ಹನ್ನೆರಡು ತಪ್ಪು ಸಿಕ್ಕವು. ಹನ್ನೆರಡು ಸಿಕ್ಕಿದ ಮೇಲೆ ಹದಿಮೂರನೆಯದು ಇರಲೇಬೇಕಲ್ಲ. ಹೀಗೆ ತಿಂಗಳುಗಳು ಕಳೆದವು. ಸಂಪುಟ ಒಂದೂ ತಪ್ಪಿಲ್ಲದೆ ಹೊರಬಂದ ವಾರವೇ ತಂಗಿ ತೀರಿಕೊಂಡಳು. ಮುದ್ರಣಾಲಯದ ಯಜಮಾನರು ಎಲ್ಲರ ಎದುರು ಅವಳನ್ನು ಹೊಗಳಿದರು. ಅವಳು ಕೈಮುಗಿದು ನಿಂತಿದ್ದಳು. ಆ ಹೊಗಳಿಕೆ ನೆನಪಾದಾಗಲೆಲ್ಲ ಇವತ್ತಿಗೂ ಅವಳಿಗೆ ಎಲ್ಲಾದರೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಕೆಲವು ತಿಂಗಳಾದ ಮೇಲೆ ತಂಗಿಯ ಸಾಮಾನಿನ ಪೆಟ್ಟಿಗೆ ಬಂತು. ಬಟ್ಟೆಗಳ ಅಡಿಯಲ್ಲಿ ಈ ನೋಟ್‌ಬುಕ್. ತಂಗಿ ಹಾಸಿಗೆ ಹಿಡಿದ ದಿನದಿಂದ ತೀರಿಕೊಂಡ ದಿನದವರೆಗೆ ಅತ್ತೆ ಬರೆದಿಟ್ಟದ್ದು, ದಿನಕ್ಕೊಂದು ಪುಟದಂತೆ ಇನ್ನೂರ ಹನ್ನೆರಡು ಪುಟ. ಆಗ ಒಂದಕ್ಷರವೂ ಅರ್ಥವಾಗಲಿಲ್ಲ. ನಿವೃತ್ತಿಯಾದ ಮಾರನೆಯ ತಿಂಗಳೇ ಅವಳು ಸೈಕಲ್ ಅಂಗಡಿಯ ಮಹಡಿ ಹತ್ತಿದಳು. ಅದನ್ನು ಓದಬೇಕು, ಬರೆದವರಿಗೆ ಅವರ ಭಾಷೆಯಲ್ಲೇ ಕೃತಜ್ಞತೆ ಹೇಳಬೇಕು, ಕ್ಷಮೆ ಕೇಳಬೇಕು. ಇಷ್ಟೇ ಇದ್ದದ್ದು ಆಸೆ. ಮೊದಮೊದಲು ಪೆನ್ಸಿಲ್ಲಿನಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದಳು. ಮೊದಲ ತಪ್ಪು ಕಣ್ಣಿಗೆ ಬಿದ್ದ ದಿನ, ತಪ್ಪು ಹಿಡಿಯುವಷ್ಟು ಭಾಷೆ ಬಂತಲ್ಲ ಎಂಬ ಹಿಗ್ಗಿನಲ್ಲಿ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗಿತ್ತು.

ಮೇಷ್ಟ್ರು ಹಾಗೆಂದ ವಾರದಲ್ಲೇ ತಂಗಿಯ ಗಂಡನ ಧ್ವನಿಸಂದೇಶ ಬಂತು. ಅವನ ಕನ್ನಡ ತಂಗಿ ಕಲಿಸಿದ್ದು.

"ಅಕ್ಕ, ನೀನು ಸ್ಪ್ಯಾನಿಷ್ ಕಲಿತಿದೆ ಅಂತ ಬರೆದಿದೆ, ನನಗೆ ಖುಷಿ. ಅಮ್ಮ ತುಂಬ ಮರೀತಿದೆ. ಕೆಲವು ದಿನ ನನ್ನನ್ನೇ ಯಾರು ಅಂತ ಕೇಳ್ತಿದೆ. ಅಮ್ಮ ಬರೆದ ಪುಸ್ತಕ ನಿನಗೆ ಹತ್ರ ಇದೆ ಅಲ್ವಾ? ಫೋನಿಗೆ ಸ್ವಲ್ಪ ಓದ್ತೀಯಾ? ತನ್ನ ಮಾತು ಕೇಳಿದ್ರೆ ನೆನಪು ಬರುತ್ತೆ ಅಂತ ಡಾಕ್ಟರ್ ಹೇಳಿದೆ. ಬೇಗ ಮಾಡು ಅಕ್ಕ. ಆಯ್ತಾ?"

ವಿಭಕ್ತಿ ಒಂದೂ ನೆಟ್ಟಗಿರಲಿಲ್ಲ. ಆದರೆ ಆ 'ಆಯ್ತಾ' ಮಾತ್ರ ಸಾಕ್ಷಾತ್ ತಂಗಿಯದು. ಅವಳು ಅದನ್ನೇ ನಾಲ್ಕು ಸಲ ಕೇಳಿದಳು.

ಅಂದೇ ಫೋನು ಮಾಡಬಹುದಿತ್ತು. ಆದರೆ ಮೈತುಂಬ ಕೆಂಪು ಗೀರಿಕೊಂಡ ಆ ನೋಟ್‌ಬುಕ್ಕನ್ನು ಹಿಡಿದು, ಪುಟಕ್ಕೆ ಹತ್ತು ಕಡೆ ಎಡವುತ್ತಾ ಓದುವುದೇ? ಮೊದಲು ಶುದ್ಧಪ್ರತಿ ಆಗಲಿ ಎಂದುಕೊಂಡಳು. ಹೊಸ ನೋಟ್‌ಬುಕ್ ತಂದಳು. ಇನ್ನೂರ ಹನ್ನೆರಡು ದಿನಗಳನ್ನೂ ಗುಂಡಗಿನ ಅಕ್ಷರದಲ್ಲಿ, 'ದೆ', 'ಆ', 'ಎನ್' ಎಲ್ಲವೂ ತಮ್ಮತಮ್ಮ ಕ್ರಿಯಾಪದದ ಪಕ್ಕ ಇರುವ ಹಾಗೆ, ನಕಲು ಮಾಡತೊಡಗಿದಳು.

"ಫೋನು ಮಾಡಿ ಮೇಡಂ," ಎನ್ನುತ್ತಿದ್ದರು ಮೇಷ್ಟ್ರು ಪ್ರತಿ ತರಗತಿಯಲ್ಲೂ. "ತಪ್ಪಾದ್ರೆ ಆಗಲಿ. ಹಸಿದಾಗ ನಾನು ತಪ್ಪು ತಪ್ಪು ಮಾತಾಡಿಯೇ ಊಟ ಕೇಳಿದ್ದು. ಯಾರೂ ಇಲ್ಲ ಅನ್ನಲಿಲ್ಲ."

"ಇನ್ನು ಅರವತ್ತು ಪುಟ ಮೇಷ್ಟ್ರೇ."

"ಈ ವಾರ ಅಮ್ಮ ಚೆನ್ನಾಗಿದೆ ಅಕ್ಕ," ಎಂದು ಸಂದೇಶ ಬಂತು. ಮುಂದಿನ ವಾರ ಮಾಡುತ್ತೇನೆ ಎಂದು ಉತ್ತರಿಸಿದಳು. ಮುಂದಿನ ವಾರವೂ ಅದೇ ಉತ್ತರ. ಅದನ್ನು ಬರೆದು ಕಳಿಸಿದ ಮೇಲೆ, ಇದೇ ಮಾತನ್ನು ಹಿಂದೆ ಯಾರಿಗೆ ಹೇಳಿದ್ದೆ ಎಂದು ಅವಳಿಗೆ ಹೊಳೆಯಿತು. ಆದರೂ ಕೈ ನಕಲು ಮಾಡುತ್ತಲೇ ಇತ್ತು. ಮೂವತ್ತಾರು ವರ್ಷ ಆ ಕೈಗೆ ಬೇರೇನನ್ನೂ ಯಾರೂ ಕಲಿಸಿರಲಿಲ್ಲ.

ಶುದ್ಧಪ್ರತಿ ಮುಗಿಯಲು ಏಳು ವಾರ ಹಿಡಿಯಿತು.

ಅಲ್ಲಿ ಬೆಳಗು, ಇಲ್ಲಿ ಮಧ್ಯಾಹ್ನ. ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ಸೀರೆ ಸರಿಮಾಡಿಕೊಂಡು ಕುಳಿತಳು. ಪರದೆಯಲ್ಲಿ ಮೊದಲು ತಂಗಿಯ ಗಂಡನ ಮುಖ, ಕೂದಲು ಪೂರ್ತಿ ನೆರೆತಿತ್ತು. ಆಮೇಲೆ ಬೂದು ಸ್ವೆಟರಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನ ತಾಯಿ. ಇಷ್ಟು ಸಣ್ಣ ಹೆಂಗಸೇ, ಎನಿಸಿತು. ಇಷ್ಟು ಸಣ್ಣ ಹೆಂಗಸು ತಂಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿದ್ದು ಹೇಗೆ?

ಅವಳು ಸಿದ್ಧಮಾಡಿಕೊಂಡಿದ್ದ ಐದು ವಾಕ್ಯಗಳನ್ನು ಹೇಳಿದಳು. ನನ್ನ ತಂಗಿಯನ್ನು ನೀವು ನೋಡಿಕೊಂಡಿದ್ದೀರಿ. ನಾನು ಮಾಡಬೇಕಾದದ್ದನ್ನು ನೀವು ಮಾಡಿದಿರಿ. ನಾನು ಬರಬೇಕಿತ್ತು, ಬರಲಿಲ್ಲ. ನಿಮ್ಮ ಋಣ ತೀರಿಸಲಾರೆ. ನನ್ನನ್ನು ಕ್ಷಮಿಸಿ. ಒಂದು ಕಡೆಯೂ ತಪ್ಪಲಿಲ್ಲ. ಮುದುಕಿ ಎಲ್ಲದಕ್ಕೂ ತಲೆಯಾಡಿಸಿದರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಮಾತಿಗೆ ತಲೆಯಾಡಿಸುವ ಹಾಗೆ.

ಏಳು ವಾರ ಮೊದಲು ಹೇಳಿದ್ದರೆ ಇವರಿಗೆ ತಲುಪುತ್ತಿತ್ತು ಎಂದು ಅವಳಿಗೆ ಆ ಕ್ಷಣವೇ ಅರ್ಥವಾಯಿತು.

ಆದರೂ ಶುದ್ಧಪ್ರತಿ ತೆರೆದು ಮೊದಲ ಪುಟದಿಂದ ಓದಿದಳು. ಎರಡನೆಯ ಪುಟ. ಮೂರನೆಯದು. ಮುದುಕಿ ಮಗನ ಕಡೆ ತಿರುಗಿದರು.

"ರೇಡಿಯೋನಾ?" ಎಂದರು. ಸ್ಪ್ಯಾನಿಷ್‌ನಲ್ಲೇ. ಅದು ಅವಳಿಗೆ ಸಲೀಸಾಗಿ ಅರ್ಥವಾಯಿತು. "ಚೆನ್ನಾಗಿ ಓದ್ತಾಳೆ. ಓದುಬರಹ ಬಲ್ಲವಳು. ಯಾವುದೋ ಆಸ್ಪತ್ರೆ ವಿಷಯ. ಆರಿಸಿಬಿಡು, ನನಗೆ ತಲೆನೋವು."

"ಅಮ್ಮ, ಇದು ನೀನೇ ಬರೆದದ್ದು."

"ನಾನೆಲ್ಲಿ ಹೀಗೆ ಬರೀತೀನಿ? ನಾನು ಓದಿದ್ದು ಎರಡು ವರ್ಷ."

"ಅಕ್ಕ, ಬೇಜಾರು ಮಾಡ್ಬೇಡ," ಎಂದು ಅವನು ಕನ್ನಡದಲ್ಲಿ ಹೇಳಿ ಫೋನಿನತ್ತ ಕೈ ಚಾಚಿದ.

"ಇರು, ಇರು! ಇಡಬೇಡ!" ಎಂದಳು ಕರಡಮ್ಮ. ಎದ್ದು ಒಳಕೋಣೆಗೆ ಓಡಿದಳು. ಕಂದು ರಟ್ಟಿನ ನೋಟ್‌ಬುಕ್ ತಂದು, ಕೈಗೆ ಸಿಕ್ಕ ಕಡೆ ತೆರೆದಳು. ಇನ್ನೂರ ಒಂದನೆಯ ದಿನ. ಕೆಂಪಿನ ಅಡಿಯಲ್ಲಿ ನೀಲಿ ಸರಿಯಾಗಿ ಕಾಣುತ್ತಿರಲಿಲ್ಲ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಾನು ಸೇರಿಸಿದ್ದನ್ನೆಲ್ಲ ಬಿಟ್ಟು, ಹೊಡೆದುಹಾಕಿದ್ದನ್ನೆಲ್ಲ ಸೇರಿಸಿಕೊಂಡು, ಒಂದೂ ಅಲ್ಪವಿರಾಮವಿಲ್ಲದೆ ಒಂದೇ ಉಸಿರಿನಲ್ಲಿ ಓದಿದಳು. ನಾಲಿಗೆ ಅಲ್ಲಲ್ಲಿ ಹಟ ಹಿಡಿಯಿತು. ಬಾಯಿಗೆ ಬಂದ ಸರಿಯನ್ನು ನುಂಗಿ ನುಂಗಿ ಓದಿದಳು.

"ಬೆಳಿಗ್ಗೆ ಜ್ವರ ಇಲ್ಲ ಕೂದಲು ಬಾಚಿದೆ ಎರಡು ಜಡೆ ಕೇಳಿದಳು ಹಾಕಿದೆ ಹಾಲು ಕೊಟ್ಟೆ ಅರ್ಧ ಕುಡಿದಳು ಆಮೇಲೆ ನಗೋಕೆ ಶುರು..."

ಮುದುಕಿಯ ತಲೆ ಇತ್ತ ತಿರುಗಿತು.

"ಹಾಲು ಬಿಸಿ ಜಾಸ್ತಿ ಆಗಿತ್ತು," ಎಂದರು. "ನನ್ನದೇ ತಪ್ಪು. ಬಾಯಿ ಸುಟ್ಕೊಂಡಳು. ಅವಳ ಭಾಷೇಲಿ ಬೈದಳು ನನ್ನನ್ನ." ನೆನಪಿಗಾಗಿ ತಡಕಾಡಿ, ಬೊಚ್ಚುಬಾಯಿ ತುಂಬ ನಗುತ್ತಾ ಹೇಳಿದರು: "ಕತ್ತೆ!"

ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಚಿಕ್ಕಂದಿನಲ್ಲಿ ದಿನಕ್ಕೆ ಹತ್ತು ಸಲ ತಂಗಿಯಿಂದ ಕರಡಮ್ಮನಿಗೇ ಬೀಳುತ್ತಿದ್ದ ಬೈಗುಳ ಅದು, 'ಕ'ದ ಮೇಲೆ ಅದೇ ಒತ್ತು.

ಮಗ ಕಣ್ಣೊರೆಸಿಕೊಂಡ. ಮುದುಕಿ ಅವನ ತೋಳು ಹಿಡಿದೆಳೆದು, ಫೋನಿನಲ್ಲಿ ಇರುವವಳಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದರು. ಆದರೂ ಕೇಳಿಸಿತು.

"ಅವಳ ಅಕ್ಕ ಬಂದಳಾ?"

ಅವನು ತಾಯಿಯನ್ನು ನೋಡಿದ, ಫೋನನ್ನು ನೋಡಿದ. ಹೇಳಬೇಕಾದವಳು ತಾನು ಎಂದು ಕರಡಮ್ಮನಿಗೆ ಗೊತ್ತಾಯಿತು.

"ಇಲ್ಲಮ್ಮ," ಎಂದಳು ಸ್ಪ್ಯಾನಿಷ್‌ನಲ್ಲಿ. "ಬರಲಿಲ್ಲ."

"ದೂರ ಅಲ್ವಾ," ಎಂದರು ಮುದುಕಿ. ದನಿಯಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. "ಬರ್ತಾಳೆ. ಪಕ್ಕದ ಕೋಣೇಲಿ ಹಾಸಿಗೆ ಹಾಸಿಟ್ಟಿದ್ದೀನಿ. ಧೂಳು ಕೂರುತ್ತೆ ಅಂತ ಚಾದರ ಎರಡು ಸಲ ಒಗೆದೂ ಆಯ್ತು." ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ನೀನು ಓದಮ್ಮ. ನಾಳೆ ಹೇಗಿದ್ದಾಳೆ?"

ಮುಂದೆ ಉಳಿದಿದ್ದುದು ಹನ್ನೊಂದೇ ಪುಟ. ಬೆರಳು ಪುಟದ ಮೂಲೆಯನ್ನು ಹಿಡಿದು ಸ್ವಲ್ಪ ಎತ್ತಿತು. ಕರಡಮ್ಮ ಅದನ್ನು ತಿರುಗಿಸಲಿಲ್ಲ. ಮೂಲೆಯನ್ನು ಅಂಗೈಯಿಂದ ಸಮಮಾಡಿ, ಇನ್ನೂರ ಒಂದನೆಯ ದಿನವನ್ನೇ ಮತ್ತೆ ಮೊದಲಿನಿಂದ, ನಿಧಾನವಾಗಿ ಓದತೊಡಗಿದಳು.