ನಾಲ್ಕನೇ ಕೊಟ್ಟಿಗೆಯ ಕರೆಂಟು

"ಏಯ್, ಆ ಮುಖ ಊದಿಕೊಂಡಿರೋಳನ್ನ ಮುಂದಕ್ಕೆ ಕೂರಿಸ್ರಿ. ಎಡಗೆನ್ನೆ ಕ್ಯಾಮೆರಾಗೆ ಬೀಳ್ಬೇಕು. ಬಲಗೆನ್ನೆ ಚೆನ್ನಾಗೇ ಇದೆ, ಅದು ಬೇಡ."

ವೆಲ್ಡಾಳ ಗಲ್ಲ ಹಿಡಿದು, ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ಅತ್ತಿತ್ತ ತಿರುಗಿಸಿದ ಆ ಹೆಂಗಸು ಪ್ರೆಂಟಿಸ್‌ನ ಕಡೆಯವಳು. ಪ್ರೆಂಟಿಸ್ ಅಂದರೆ ಆರೋಗ್ಯ ವಿಮೆ ಕಾಯಿದೆ ಉಳಿಯಬೇಕು ಎನ್ನುವ ಅಭ್ಯರ್ಥಿ. ಆ ಹೆಂಗಸಿನ ಕೈ ಇನ್ನೂ ಗಲ್ಲದ ಮೇಲಿರುವಾಗಲೇ, ಕಾಯಿದೆ ರದ್ದಾಗಬೇಕು ಎನ್ನುವ ಎದುರಾಳಿ ಗ್ರಾಂಥಮ್‌ನ ಕಾರ್ಯದರ್ಶಿ ಓಡಿಬಂದ.

"ಮೇಡಂ, ಕೈ ತೆಗೀರಿ. ಈ ಕೆನ್ನೆ ನಮ್ಮದು. ಇದು ಊದಿದ್ದು ನಿಮ್ಮ ಕಾಯಿದೆ ಇರೋವಾಗ."

"ಇದ್ದಾಗಲೇ ಹೀಗೆ ಊದಿದೆ ಅಂದ್ರೆ ತೆಗೆದ್ಮೇಲೆ ಎಷ್ಟು ಊದಬೇಡ? ನಾವು ಮೊದಲು ನೋಡಿದ್ದು."

"ಕೆನ್ನೆ ಯಾರ್ದು ಅಂತ ಅವಳ್ನ ಕೇಳ್ರಲಾ, ಬಡ್ಡಿಮಕ್ಳಾ!" ಎಂದ ಪಕ್ಕದ ಕುರ್ಚಿಯ ಹೋಬರ್ಟ್. ಅವನು ವೆಲ್ಡಾಳ ಗಂಡನ ಅಣ್ಣ. ಇಪ್ಪತ್ತಾರು ವರ್ಷ ಕಲ್ಲಿದ್ದಲು ಗಣಿಯಲ್ಲಿ ದುಡಿದು ಎದೆತುಂಬ ಕರಿ ಧೂಳು ತುಂಬಿಕೊಂಡವನು. ಮೂಗಿಗೆ ಕೊಳವೆ, ಕಾಲ ಬಳಿ ಗಾಲಿ ಇರುವ ಆಮ್ಲಜನಕದ ಸಿಲಿಂಡರ್. ಅಷ್ಟು ಬೈದದ್ದಕ್ಕೇ ಅವನಿಗೆ ಕೆಮ್ಮು ಹತ್ತಿ ಎರಡು ನಿಮಿಷ ಬಿಡಲಿಲ್ಲ.

ವೆಲ್ಡಾಳನ್ನು ಕೇಳಿದ್ದರೂ ಪ್ರಯೋಜನ ಇರಲಿಲ್ಲ. ಕೆಳದವಡೆಯ ಎರಡು ಹಲ್ಲು ಕೊಳೆತು ನಾಲ್ಕು ದಿನದಿಂದ ಬಾಯಿ ಒಂದು ಬೆರಳಿನಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಮಾತು ಆಡಹೋದರೆ ಊ ಊ ಎಂಬ ಸದ್ದು ಹೊರಡುತ್ತಿತ್ತು. ಬೆಳಿಗ್ಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರ್ ಸೊಲಾನೊ, "ಕೀವು ಕತ್ತಿನ ಕಡೆಗೆ ಇಳೀತಿದೆಯಮ್ಮ. ಇವತ್ತೇ ತೆಗೀಬೇಕು. ಗಂಟಲಿಗೆ ಬಂದ್ರೆ ಉಸಿರು ಕಟ್ಟುತ್ತೆ. ಎಲ್ಲೂ ಹೋಗ್ಬೇಡ," ಎಂದು ಹೇಳಿ ಇನ್ನೂರ ಹನ್ನೊಂದು ಎಂದು ಬರೆದ ಕೆಂಪು ಕಾರ್ಡು ಕೊಟ್ಟಿದ್ದಳು. ಉಸಿರು ಕಟ್ಟುವುದೆಂದರೇನು ಎಂದು ಯಾರೂ ವೆಲ್ಡಾಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳ ಜೊತೆ ಬಟ್ಟೆ ಒಗೆಯುತ್ತಿದ್ದ ಐವಾ ಕಳೆದ ಚಳಿಗಾಲದಲ್ಲಿ ಲವಂಗದೆಣ್ಣೆ ಹಚ್ಚಿಕೊಂಡು ಹಚ್ಚಿಕೊಂಡು, ಬರೀ ಹಲ್ಲುನೋವು ಬರೀ ಹಲ್ಲುನೋವು ಅನ್ನುತ್ತಲೇ ಮಣ್ಣಾದಳು.

ಅದು ಜಿಲ್ಲೆಯ ಜಾನುವಾರು ಪ್ರದರ್ಶನದ ಮೈದಾನ. ಆಗಸ್ಟ್ ತಿಂಗಳಲ್ಲಿ ಹೋರಿಗಳನ್ನು ಕಟ್ಟುವ ನಾಲ್ಕನೇ ಕೊಟ್ಟಿಗೆಯನ್ನು ತೊಳೆದು ಹಲ್ಲು ನೋಡುವ ಹತ್ತು ಕುರ್ಚಿ ಹಾಕಿದ್ದರು. ವರ್ಷಕ್ಕೊಮ್ಮೆ ಮೂರು ದಿನ, ಪುಣ್ಯಾತ್ಮ ಡಾಕ್ಟರುಗಳು ಲಾರಿ ತುಂಬ ಸಾಮಾನು ತಂದು ಬಿಟ್ಟಿಯಾಗಿ ನೋಡುತ್ತಿದ್ದರು. ಬೆಟ್ಟದ ಜನ ಎರಡು ದಿನ ಮೊದಲೇ ಬಂದು ಕಾರಿನಲ್ಲಿ ಮಲಗಿ ನಂಬರು ಹಿಡಿಯುತ್ತಿದ್ದರು. ಇವತ್ತು ಭಾನುವಾರ, ಕೊನೆಯ ದಿನ. ಎರಡು ಗಂಟೆಗೆ ಕುರ್ಚಿಗಳು ಮತ್ತೆ ಲಾರಿ ಹತ್ತುತ್ತವೆ. ವೆಲ್ಡಾ ಕೂತ ಜಾಗದ ಮೇಲೆ 'ಶ್ರೇಷ್ಠ ಹೋರಿ, ಪ್ರಥಮ ಬಹುಮಾನ' ಎಂಬ ಹಲಗೆ ಇನ್ನೂ ನೇತಾಡುತ್ತಿತ್ತು. ಆ ಹೋರಿಗೆ ದನದ ಡಾಕ್ಟರ್ ದಿನಕ್ಕೆರಡು ಸಲ ಬರುತ್ತಿದ್ದ.

ವೆಲ್ಡಾಳಿಗೆ ವಿಮೆ ಯಾಕಿಲ್ಲ ಎನ್ನುವುದು ಕೇಳಿದವರಿಗೆ ನಗು ಬರುವ ಸಂಗತಿ. ವೃದ್ಧಾಶ್ರಮದಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಅವಳದು, ವಾರಕ್ಕೆ ನಲವತ್ತು ಗಂಟೆ. ಪೂರ್ತಿ ದುಡಿಯುವವರಿಗೆ ಮಾಲೀಕ ವಿಮೆ ಕೊಡಲೇಬೇಕು ಅಂತ ಕಾಯಿದೆ ಬಂದಾಗ, ಮಾಲೀಕ ಅವಳ ಕೆಲಸವನ್ನು ಇಪ್ಪತ್ತೆಂಟು ಗಂಟೆಗೆ ಇಳಿಸಿ ಪೂರ್ತಿ ಅಲ್ಲದಂತೆ ಮಾಡಿದ. ಹಾಸಿಗೆ ಒದ್ದೆ ಮಾಡುವ ಮುದುಕರೇನೂ ಕಡಿಮೆಯಾಗಲಿಲ್ಲ, ಅವಳೇ ಓಡಿ ಓಡಿ ಒಗೆದಳು. ತಾನೇ ವಿಮೆ ಕೊಳ್ಳೋಣವೆಂದು ಅರ್ಜಿ ಹಾಕಲು ಹೋದರೆ ಕಚೇರಿಯವನು ಕನ್ನಡಕ ಮೇಲೇರಿಸಿ, "ನಿಮ್ಮ ಸಂಪಾದನೆ ಕಡಿಮೆ ಆಯ್ತು. ಸರ್ಕಾರ ಸಹಾಯ ಮಾಡ್ಬೇಕಾದ್ರೆ ಇನ್ನೂ ಸ್ವಲ್ಪ ದುಡೀಬೇಕು ನೀವು," ಅಂದ.

"ಅಂಗಾರೆ ಬಡವ್ರಿಗೆ ಅಂತ ಇರೋ ಬಿಟ್ಟಿ ವಿಮೆ ಕೊಡಿ ಸಾಮಿ."

"ಅದನ್ನ ನಮ್ಮ ರಾಜ್ಯ ಒಪ್ಕೊಂಡಿಲ್ಲ."

ಹೀಗೆ ಕಾಯಿದೆಯೊಳಗೂ ಇಲ್ಲದೆ ಹೊರಗೂ ಇಲ್ಲದೆ ಹೊಸ್ತಿಲ ಮೇಲೆ ನಿಂತವಳು ಅವಳು. ಈಗ ಆ ಹೊಸ್ತಿಲನ್ನು ಕೀಳಬೇಕೋ ಬಿಡಬೇಕೋ ಎಂದು ಮುಂದಿನ ವಾರ ರಾಜಧಾನಿಯಲ್ಲಿ ಮತ ಹಾಕುವವರಿದ್ದರು. ಅದಕ್ಕೇ ಟಿವಿಯವರು ಗ್ರಾಂಥಮ್ ಮತ್ತು ಪ್ರೆಂಟಿಸ್ ಇಬ್ಬರನ್ನೂ ಕೊಟ್ಟಿಗೆಯ ಮುಂದೆಯೇ ವಾದಕ್ಕೆ ಕರೆದಿದ್ದರು. ಹಿಂದೆ ರೋಗಿಗಳ ಸಾಲು ಕಾಣಿಸಿದರೆ ಚಿತ್ರ ಕಳೆಗಟ್ಟುತ್ತದಂತೆ.

ಹನ್ನೊಂದಕ್ಕೆ ವಾದ ಶುರುವಾಯಿತು. ಟಿವಿಯವರು ಹಳದಿ ವೈರೊಂದನ್ನು ಎಳೆದು ತಂದು ಕೊಟ್ಟಿಗೆಯ ಕರೆಂಟು ಪೆಟ್ಟಿಗೆಗೆ ಸಿಕ್ಕಿಸಿದರು. ವೇದಿಕೆಯ ದೀಪ ಹತ್ತಿತು, ಮೈಕು ಗೊಳ್ಳೆಂದಿತು. ಅದೇ ಗಳಿಗೆಯಲ್ಲಿ ಹತ್ತು ಕುರ್ಚಿಯ ದೀಪಗಳೂ ಕೀವು ರಕ್ತ ಹೀರುವ ಯಂತ್ರವೂ ಒಟ್ಟಿಗೆ ಸತ್ತವು. ಇನ್ನೂರ ಆರನೇ ನಂಬರಿನವನು ಅರ್ಧ ಕೊರೆದ ಹಲ್ಲಿನೊಂದಿಗೆ ಬಾಯಿ ತೆರೆದುಕೊಂಡೇ ಉಳಿದ.

"ಏನ್ರೀ ಇದು, ಕರೆಂಟ್ ಕೊಡಿ!" ಎಂದು ಸೊಲಾನೊ ಕೂಗಿದಳು.

"ಹತ್ತೇ ನಿಮಿಷ ಡಾಕ್ಟ್ರೇ, ನೇರ ಪ್ರಸಾರ," ಎಂದ ಟಿವಿಯವನು. "ಆ ಬಾಯಿ ಹಾಗೇ ತೆಗೆದಿರ್ಲಿ, ಚೆನ್ನಾಗಿ ಬರ್ತಿದೆ."

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಜನರ ಆರೋಗ್ಯಕ್ಕಾಗಿ ತಾನು ಪ್ರಾಣ ಕೊಡುವುದಾಗಿ ಗ್ರಾಂಥಮ್ ಹೇಳಿದ. ತಾನು ಮೊದಲು ಕೊಡುವುದಾಗಿ ಪ್ರೆಂಟಿಸ್ ಹೇಳಿದ.

ವೆಲ್ಡಾಳಿಗೆ ಆ ಕೊಟ್ಟಿಗೆಯ ಕರೆಂಟಿನ ಗುಣ ಗೊತ್ತಿತ್ತು. ಹನ್ನೊಂದು ವರ್ಷ, ಪ್ರತಿ ಆಗಸ್ಟ್‌ನಲ್ಲೂ ಅವಳು ಅದರ ಮೂಲೆಯಲ್ಲಿ ನಿಂತು, ಹಿಟ್ಟನ್ನು ಜಿಲೇಬಿಯಂತೆ ಸುತ್ತಿ ಕರಿದು ಸಕ್ಕರೆ ಪುಡಿ ಉದುರಿಸಿ ಮಾರುವವನ ಕೈಕೆಳಗೆ ಬೆವರು ಸುರಿಸಿದ್ದಳು. ಬಾಂಡಲೆಗೂ ದನಗಳ ಫ್ಯಾನಿಗೂ ಒಟ್ಟಿಗೆ ಸ್ವಿಚ್ಚು ಹಾಕಿದರೆ ಒಂದು ಆರಲೇಬೇಕು. ಆಗೆಲ್ಲ ಬಾಂಡಲೆಯ ವೈರನ್ನು ಆಚೆ ತೀರ್ಪುಗಾರರ ಮಂಟಪದ ಪೆಟ್ಟಿಗೆಗೆ ಹಾಕುತ್ತಿದ್ದರು. ಅಷ್ಟೇ ಕೆಲಸ. ಅಷ್ಟನ್ನು ಹೇಳಲು ಬಾಯಿ ಬೇಕು.

ಎದ್ದು ವೇದಿಕೆಯ ಬಳಿ ಹೋಗಿ ಅವಳು ಕೈಸನ್ನೆ ಮಾಡಿದಳು. ಮೈಕು ತೋರಿಸಿದಳು, ಕೊಟ್ಟಿಗೆ ತೋರಿಸಿದಳು, ಅಂಗೈಯನ್ನು ಕತ್ತಿ ಮಾಡಿ ಗಾಳಿಯಲ್ಲಿ ಕತ್ತರಿಸಿ, ಕೊನೆಗೆ ಮಂಟಪದ ಕಡೆ ಬೆರಳು ಚಾಚಿದಳು.

"ನೋಡಿ!" ಎಂದ ಗ್ರಾಂಥಮ್, ಕ್ಯಾಮೆರಾ ಕಡೆ ತಿರುಗಿ. "ಈ ತಾಯಿ ಕತ್ತರಿಸು ಅಂತಿದ್ದಾಳೆ. ಬುಡಕ್ಕೇ ಕತ್ತರಿಸ್ತೀನಿ ತಾಯಿ ಈ ಕಾಯಿದೇನ!"

"ಅಲ್ಲ, ಡಾಕ್ಟರ್‌ಗಳನ್ನ ತೋರಿಸ್ತಿದಾಳೆ," ಎಂದ ಪ್ರೆಂಟಿಸ್. "ಉಳಿಸಿಕೊಡಿ ಅಂತ ಬೇಡ್ಕೊಳ್ತಿದಾಳೆ. ಕೊನೆಗೆ ಬೆರಳು ಮಾಡಿದ್ದು ರಾಜಧಾನಿ ಕಡೆಗೆ!"

"ರಾಜಧಾನಿ ಇರೋದು ಈ ಕಡೆ ಸ್ವಾಮಿ."

ರಾಜಧಾನಿ ಯಾವ ದಿಕ್ಕಿಗಿದೆ ಎಂಬ ವಾದ ಕಾಲು ಗಂಟೆ ನಡೆಯಿತು. ವೆಲ್ಡಾ ಊ ಊ ಎಂದಳು. ಪ್ರೆಂಟಿಸ್‌ನ ಕಡೆಯ ಹೆಂಗಸು, "ಅಳ್ತಿದಾಳೆ, ಹತ್ತಿರ ತೋರಿಸಿ," ಅಂದಳು. ವೆಲ್ಡಾ ಅಳುತ್ತಿರಲಿಲ್ಲ, ಹೊಲಸು ಬೈಗುಳ ಬೈಯುತ್ತಿದ್ದಳು. ಅದು ಹೋಬರ್ಟ್‌ಗೊಬ್ಬನಿಗೆ ಅರ್ಥವಾಗಿ, ಅವನು ಒಂದೊಂದನ್ನೂ ಜೋರಾಗಿ ಬಿಡಿಸಿ ಹೇಳಿದ. "ನಿಮ್ಮ ಹೆಣ ಎತ್ತ ಅಂತಾವ್ಳೆ. ನಿಮ್ಮ ಬಾಯಿಗ್ ಮಣ್ಣಾಕ ಅಂತಾವ್ಳೆ." ಟಿವಿಯವರು ಅವನ ಕಡೆ ಮೈಕು ತಿರುಗಿಸಲಿಲ್ಲ.

ಅಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಟಿವಿಯವರು ಸಭೆಗೆ ಕಾರ್ಡು ಹಂಚಿದ್ದರು, ರದ್ದಾಗಲಿ ಎನ್ನುವವರಿಗೆ ಕೆಂಪು, ಉಳಿಯಲಿ ಎನ್ನುವವರಿಗೆ ಹಸಿರು. ಡಾಕ್ಟರುಗಳೂ ಮೂರು ದಿನದಿಂದ ಕಾರ್ಡು ಹಂಚುತ್ತಿದ್ದರು, ಹಲ್ಲು ಕೀಳಬೇಕಾದವರಿಗೆ ಕೆಂಪು, ತುಂಬಿಸಿ ಉಳಿಸಬಹುದಾದವರಿಗೆ ಹಸಿರು. ಕರೆಂಟು ಬರುವುದಿಲ್ಲವೆಂದು ಖಾತ್ರಿಯಾಗಿ ಸೊಲಾನೊ, ಹಗಲು ಬೆಳಕಿನಲ್ಲೇ ಕಿತ್ತುಬಿಡಬಹುದಾದ ಸುಲಭದ ಹಲ್ಲುಗಳನ್ನಾದರೂ ಮುಗಿಸೋಣವೆಂದು, "ಕೆಂಪು ಕಾರ್ಡಿನವರು ಕೈ ಎತ್ತಿ!" ಎಂದು ಕೂಗಿದಳು. ಬೆಟ್ಟದ ಜನಕ್ಕೆ ಉಳಿಸುವಂಥ ಹಲ್ಲು ಎಲ್ಲಿಂದ ಬರಬೇಕು? ಕೊಟ್ಟಿಗೆಯ ಒಳಗೂ ಹೊರಗೂ ಸಾಲಿಗೆ ಸಾಲೇ ಕೆಂಪಾಯಿತು.

ಗ್ರಾಂಥಮ್ ಎರಡೂ ಕೈ ಮುಗಿದ. "ಜನತೆಯ ತೀರ್ಪು!"

"ಅವು ಹಲ್ಲಿನ ಕಾರ್ಡು ಕಣ್ರಿ!" ಪ್ರೆಂಟಿಸ್ ಮೈಕು ಕಸಿದ.

"ಹಲ್ಲಿನದೋ ಮೂಗಿನದೋ, ಎತ್ತಿದ್ದು ಜನ ತಾನೇ?"

ಎಣಿಸಬೇಕೆಂದು ತೀರ್ಮಾನವಾಯಿತು. ಎರಡೂ ಕಡೆಯಿಂದ ಇಬ್ಬಿಬ್ಬರು ಸಾಲಿನಲ್ಲಿ ನುಗ್ಗಿ ಕಾರ್ಡು ಎಣಿಸತೊಡಗಿದರು. ಗ್ರಾಂಥಮ್‌ನ ಕಡೆಯವರು ಕೈ ಇಳಿಸಬೇಡಿ ಎಂದು ಗದರಿದರು. ಪ್ರೆಂಟಿಸ್‌ನ ಕಡೆಯವರು ಒಬ್ಬೊಬ್ಬರ ಬಾಯಿ ತೆರೆಸಿ, ಕೀಳುವ ಹಲ್ಲು ನಿಜವಾಗಿ ಇದೆಯೋ ಇಲ್ಲವೋ ಎಂದು ಇಣುಕಿ ನೋಡಿ ಬರೆದುಕೊಂಡರು. ಸಾಲು ಹರಿದು ಚೆಲ್ಲಾಪಿಲ್ಲಿಯಾಯಿತು. ಡಾಕ್ಟರುಗಳು ಇಕ್ಕಳ ಹಿಡಿದು ನಿಂತೇ ಇದ್ದರು. ಒಂದೂಕಾಲಾಯಿತು. ಲಾರಿಯವನು ಬಂದು ಕಡೆಯ ಎರಡು ಕುರ್ಚಿ ಮಡಚಲು ಶುರುಮಾಡಿದ.

ಆಗ ವೆಲ್ಡಾಳಿಗೆ ಉಗುಳು ನುಂಗಲಾಗಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲಿಲ್ಲ. ಕತ್ತು ಮುಟ್ಟಿಕೊಂಡರೆ ಕಲ್ಲಾಗಿತ್ತು. ಐವಾ ಕೊನೆಯ ದಿನ ಒಗೆಯುವ ಯಂತ್ರಕ್ಕೆ ಒರಗಿ ಹೀಗೆಯೇ ಕತ್ತು ಮುಟ್ಟಿಕೊಳ್ಳುತ್ತಿದ್ದುದು ನೆನಪಾಗಿ ಅವಳಿಗೆ ಭಯವಾಯಿತು. ಬಾಯಿಯ ಮಾತು ಹೋಗಲಿ, ಇಷ್ಟೊಂದು ಜನ ತನ್ನ ಕೈಯ ಮಾತನ್ನೂ ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡರಲ್ಲ ಎಂದು ಭಯದ ಮೇಲೆ ಸಿಟ್ಟೂ ಬಂತು.

ಯಾರಿಗೂ ಏನೂ ತೋರಿಸದೆ ಅವಳು ನೆಟ್ಟಗೆ ಮೂಲೆಗೆ ನಡೆದಳು. ಮೇವಿನ ಬಾನಿಯ ಹಿಂದಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದು ಹಳದಿ ವೈರಿನ ಪ್ಲಗ್ಗನ್ನು ಎರಡೂ ಕೈಯಿಂದ ಕಿತ್ತಳು. ಬಿದ್ದ ಸ್ವಿಚ್ಚನ್ನು ಮೇಲೆತ್ತಿದಳು.

ವೇದಿಕೆ ಸತ್ತಿತು. ಉಳಿದ ಎಂಟು ಕುರ್ಚಿಯ ದೀಪ ಹತ್ತಿತು. ಹೀರುವ ಯಂತ್ರ ಗೊರಗೊರ ಎಂದಿತು, ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಹೊರಗೆ ಗ್ರಾಂಥಮ್ ಮತ್ತು ಪ್ರೆಂಟಿಸ್ ಸ್ವಲ್ಪ ಹೊತ್ತು ಮಾತಾಡುತ್ತಲೇ ಇದ್ದರು. ಇಬ್ಬರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ವೆಲ್ಡಾಳ ಕತ್ತು ನೋಡಿದ್ದೇ ಸೊಲಾನೊ ನಂಬರು ಕೇಳಲಿಲ್ಲ. "ಕೂತ್ಕೋ," ಎಂದಳು. ವೆಲ್ಡಾ ವೈರಿನ ತುದಿಯನ್ನು ಬಲಗೈಗೆ ನಾಲ್ಕು ಸುತ್ತು ಸುತ್ತಿಕೊಂಡು ಕೂತಳು. ಸೂಜಿ ಚುಚ್ಚಿ, ಒಸಡು ಕೊಯ್ದು, ಯಂತ್ರದ ಕೊಳವೆ ಬಾಯೊಳಗೆ ಇಟ್ಟಾಗ ಬಂದ ನಾತಕ್ಕೆ ಪಕ್ಕದ ಕುರ್ಚಿಯವನು ಮುಖ ತಿರುಗಿಸಿದ.

ಶೆರಿಫನ ಕಡೆಯ ಪೊಲೀಸು ಡ್ವೈಟ್ ಓಡಿಬಂದ. ವೆಲ್ಡಾಳ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದವನು.

"ವೆಲ್ಡಾ, ಆ ವೈರ್ ಕೊಟ್ಬುಡವ್ವ. ಇಡೀ ರಾಜ್ಯ ನೋಡ್ತಾ ಐತೆ."

"ನನ್ನ ಕೈ ಇವರ ಬಾಯಲ್ಲಿದೆ. ಆಮೇಲೆ ಬನ್ನಿ," ಎಂದಳು ಸೊಲಾನೊ.

"ಕೇಸಾಗ್ತದೆ ಡಾಕ್ಟ್ರವ್ವ. ಹಿಡ್ಕಂಡ್ ಹೋಗ್ಬೇಕಾಗ್ತದೆ."

"ಹಿಡ್ಕಂಡೋಗ್ಲಾ!" ಎಂದ ಹೋಬರ್ಟ್. ಸಿಲಿಂಡರನ್ನು ದರದರ ಎಳೆದು ತಂದು ಅದರ ಗಾಲಿಯನ್ನು ಸರಿಯಾಗಿ ವೈರಿನ ಮೇಲೆ ನಿಲ್ಲಿಸಿದ. "ಜೈಲ್ನಾಗೆ ಹಲ್ಗೆ ಬಿಟ್ಟಿ ಔಸ್ದಿ ಕೊಡ್ತರಂತೆ. ಅಂಗೇ ನನ್ನೂ ಕರ್ಕಂಡೋಗು, ಕಣ್ಣೂ ಮಂಜಾಗವೆ. ಈ ಸಾಲ್ನೆಲ್ಲ ಕರ್ಕಂಡೋಗು. ನೀನೂ ಬಾ, ನಿಂಗೂ ಮುಂದ್ಲ ಹಲ್ಲಿಲ್ಲ."

ಡ್ವೈಟ್ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅವನ ಜೇಬಿನಲ್ಲೂ ಕೆಂಪು ಕಾರ್ಡೊಂದರ ಅಂಚು ಕಾಣುತ್ತಿತ್ತು.

ವೇದಿಕೆಯ ಕಡೆಯಿಂದ ಯಾರೋ ವೈರನ್ನು ಜಗ್ಗಿದರು. ವೆಲ್ಡಾ ಮಲಗಿದಲ್ಲಿಂದಲೇ ಈಚೆಗೆ ಜಗ್ಗಿದಳು. ಮೊದಲ ಹಲ್ಲು ಬಂತು. ಆಚೆಯವರು ಮತ್ತೆ ಜಗ್ಗಿದರು. ಸಾಲಿನಲ್ಲಿದ್ದ ಇನ್ನೂರ ಹತ್ತನೇ ನಂಬರಿನ ಮುದುಕಿ ಬಗ್ಗಿ ವೈರು ಹಿಡಿದಳು, ಅವಳ ಹಿಂದಿನವನೂ ಹಿಡಿದ. ಎರಡನೇ ಹಲ್ಲು ಎರಡು ತುಂಡಾಗಿ ಬಂತು.

ಇಷ್ಟು ಹೊತ್ತಿಗೆ ಗ್ರಾಂಥಮ್, ಪ್ರೆಂಟಿಸ್ ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಕೊಟ್ಟಿಗೆಯೊಳಗೆ ನುಗ್ಗಿದ್ದರು. ಹಿಂದೆಯೇ ಬ್ಯಾಟರಿಯ ಸಣ್ಣ ಕ್ಯಾಮೆರಾ.

"ತಾಯಿ, ಈಗ ಬಾಯಿ ಬಂತಲ್ಲ," ಗ್ರಾಂಥಮ್ ಮಂಡಿಯೂರಿದ. "ಹೇಳು, ಕಾಯಿದೆ ರದ್ದಾಗ್ಬೇಕು ತಾನೇ?"

"ಒತ್ತಾಯ ಮಾಡ್ಬೇಡಿ. ನೀವೇ ಹೇಳಿ ಅಕ್ಕ, ಉಳೀಬೇಕು ತಾನೇ?" ಪ್ರೆಂಟಿಸ್ ಇನ್ನೊಂದು ಪಕ್ಕದಲ್ಲಿ ಮಂಡಿಯೂರಿದ.

ವೆಲ್ಡಾ ಎದ್ದು ಕೂತಳು. ದವಡೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿದಳು. ನಾಲ್ಕು ದಿನದ ಮೇಲೆ ಅದು ಅವಳು ಹೇಳಿದ ಹಾಗೆ ಕೇಳಿತು. ಇಬ್ಬರ ನಡುವೆ ಇದ್ದ ಬಟ್ಟಲಿಗೆ ಬಾಯಿತುಂಬ ಉಗಿದಳು. ಒಂದಿಷ್ಟು ಬಟ್ಟಲಿಗೆ ಬಿತ್ತು, ಉಳಿದದ್ದು ಇಬ್ಬರ ಕೋಟಿನ ಮೇಲೂ ಹಾರಿತು. ಅವರು ಹಿಂದಕ್ಕೆ ಹಾರಿ ಜಾಗ ಬಿಟ್ಟರು. ಸೊಲಾನೊ ಬಾಯಿಗೆ ಹತ್ತಿ ತುರುಕಿದ ಮೇಲೆ ಅವಳು ಕುರ್ಚಿಯಿಂದಿಳಿದು, ಕೈಗೆ ಸುತ್ತಿದ ವೈರನ್ನು ಬಿಚ್ಚದೆ ಹೋಗಿ, ಕರೆಂಟು ಪೆಟ್ಟಿಗೆಗೆ ಬೆನ್ನು ಕೊಟ್ಟು ಬಾನಿಯ ಅಂಚಿನ ಮೇಲೆ ಕೂತಳು.

ಎರಡು ಗಂಟೆಯಾಗಿತ್ತು. ಲಾರಿಯವನು ಮೂರನೇ ಕುರ್ಚಿಗೆ ಕೈ ಹಾಕಿದವನು ಸೊಲಾನೊಳ ಮುಖ ನೋಡಿದ. ಅವಳು ಬೇರೆ ಕೈಗವಸು ಹಾಕಿಕೊಳ್ಳುತ್ತಿದ್ದಳು. ಡ್ವೈಟ್ ಬೇಡಿ ಹಿಡಿದುಕೊಂಡು ವೆಲ್ಡಾಳ ಎದುರು ಬಂದು ನಿಂತ. ಹೊರಗಿನವರು ವೈರನ್ನು ಇನ್ನೂ ಜಗ್ಗುತ್ತಿದ್ದರು, ಅವಳ ಮಣಿಕಟ್ಟು ಕೆಂಪಗೆ ಬಾತಿತ್ತು.

ವೆಲ್ಡಾ ಹತ್ತಿ ತುರುಕಿದ ಬಾಯನ್ನು ಆದಷ್ಟು ದೊಡ್ಡದಾಗಿ ತೆರೆದು, ಡ್ವೈಟ್‌ನ ಹೆಗಲಾಚೆಗೆ ಸಾಲಿನ ಕಡೆ ನೋಡಿ ಕೂಗಿದಳು.

"ಇನ್ನೂರಾ ಹತ್ತು ಯಾರವ್ವಾ, ಬಾ!"